ಬೈಗುಳದ ಕೇಸುಗಳು ಕಲಿಸಿದ್ದು

ನಾನು ತಾಲ್ಲೂಕು ಕೋರ್ಟಿನ ವಕೀಲ. ಫೇಸ್‌ಬುಕ್, ವಾಟ್ಸ್‌ಆ್ಯಪ್ ಬೈದಾಟದ ಕೇಸುಗಳಲ್ಲಿ ಗೆದ್ದದ್ದಕ್ಕಿಂತ ಎಡವಿದ್ದೇ ಜಾಸ್ತಿ.

1. 66ಎ ಹೋದರೂ ಕೇಸು ಹೋಗಲಿಲ್ಲ

2015ರ ಮಾರ್ಚ್‌ನಲ್ಲಿ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್ ಬೈಗುಳಕ್ಕೆ ಶಿಕ್ಷೆ ಹೇಳುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿತು. ‘ಇನ್ನು ಯಾರೂ ಏನೂ ಮಾಡೋಕಾಗಲ್ಲ ಬಿಡಿ’ ಎಂದು ಕಕ್ಷಿದಾರರಿಗೆ ಧೈರ್ಯ ಹೇಳಿಬಿಟ್ಟೆ. ಆದರೆ ಮಾನಹಾನಿ, ಕೆಣಕುವ ಅವಮಾನ, ಬೆದರಿಕೆ ಎಲ್ಲವೂ ದಂಡ ಸಂಹಿತೆಯಲ್ಲಿ ಹಾಗೇ ಇದ್ದವು. ಮಾನಹಾನಿಯನ್ನು ಅಪರಾಧವೆನ್ನುವುದು ಸರಿಯೇ ಎಂದು ಮರುವರ್ಷ ಅದೇ ಕೋರ್ಟ್ ಹೇಳಿತು. ಈಗದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಇಲ್ಲವೇ ಸಮುದಾಯ ಸೇವೆ.

2. ಮಾನಹಾನಿಗೆ ಠಾಣೆ ಬಾಗಿಲು ತಟ್ಟಬೇಡಿ

ತಟ್ಟಿ ಬೈಸಿಕೊಂಡಿದ್ದೇನೆ. ಅದು ಅಸಂಜ್ಞೇಯ ಅಪರಾಧ, ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು.

3. ಕಕ್ಷಿದಾರ ತೋರಿಸುವುದು ಅರ್ಧ ಜಗಳ

ಜಾತ್ರೆಯ ಲೆಕ್ಕಕ್ಕೆ ಊರಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕಿತ್ತಾಟ. ಗಾಜು ಬಿರುಕುಬಿಟ್ಟ ಫೋನಿನಲ್ಲಿ ನಮ್ಮವರು ಬೆರಳಿಟ್ಟು ತೋರಿಸಿದರು: ‘ದೇವರ ದುಡ್ಡು ತಿಂದ ಕಳ್ಳ’. ಮೇಲಕ್ಕೆ ಸರಿಸಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಆವೇಶದ ನೋಟಿಸು ಕಳಿಸಿದೆ. ಉತ್ತರದ ಜತೆ ಇಡೀ ಸಂಭಾಷಣೆಯ ಪ್ರಿಂಟು ಬಂತು. ಆ ‘ಕಳ್ಳ’ನಿಗೂ ಮೊದಲೇ ನಮ್ಮವರು ಎದುರಾಳಿಯ ಹೆಂಡತಿಯ ಬಗ್ಗೆ ಬರೆಯಬಾರದ್ದನ್ನು ಬರೆದಿದ್ದರು. ಹೆಣ್ಣಿನ ಮರ್ಯಾದೆಗೆ ಕುಂದು ತರುವ ಮಾತಿಗೆ ನ್ಯಾಯ ಸಂಹಿತೆಯ 79ನೇ ಕಲಂ ಇದೆ, ಮೂರು ವರ್ಷದವರೆಗೆ ಸಜೆ. ಇದಕ್ಕೆ ಪೊಲೀಸರೇ ನೇರವಾಗಿ ಎಫ್‌ಐಆರ್ ಹಾಕಬಹುದು, ಹಾಕಿದರು. ದೂರುದಾರರಾಗಿ ಬಂದವರಿಗೆ ನಾನು ಜಾಮೀನು ಕೊಡಿಸಬೇಕಾಯಿತು. ನನ್ನ ನೋಟಿಸೇ ಎದುರಾಳಿಯನ್ನು ಕೆರಳಿಸಿತ್ತು ಎನ್ನುವುದು ಬೇರೆ ಮಾತು. ‘ಅವನೂ ಬೈದಿದ್ದಾನಲ್ಲ ಸಾರ್’ ಎನ್ನುತ್ತಾರೆ ಎಲ್ಲರೂ. ರಾಜಿಗೆ ಕೂತಾಗ ಆ ಮಾತು ಕೆಲಸಕ್ಕೆ ಬರುತ್ತದೆ, ಬಚಾವಾಗಲು ಬರುವುದಿಲ್ಲ.

4. ಸ್ಕ್ರೀನ್‌ಶಾಟ್ ಒಂದೇ ಸಾಲದು

ಬರೀ ಪ್ರಿಂಟು ಹಿಡಿದು ಸಾಕ್ಷಿಗೆ ನಿಂತಿದ್ದೆ. ಪ್ರಮಾಣಪತ್ರ ಎಲ್ಲಿ ಎಂದರು ನ್ಯಾಯಾಧೀಶರು. ಎಲೆಕ್ಟ್ರಾನಿಕ್ ದಾಖಲೆಯ ಜತೆ ಕೊಡಬೇಕಾದ ಪ್ರಮಾಣಪತ್ರವದು, ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ, ಈಗ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಫೋನು ತನ್ನಿ ಎಂದರೆ, ಕಕ್ಷಿದಾರರು ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಂದಿದ್ದರು!

ಹಾಗಾಗಿ ಕೇಸು ಹಾಕುವ ಮನಸ್ಸಿದ್ದರೆ ಫೋನು ಮಾರಬೇಡಿ, ಚಾಟ್ ಅಳಿಸಬೇಡಿ, ತಿರುಗಿ ಬೈಯಲೇಬೇಡಿ. ತಡವನ್ನೂ ಮಾಡಬೇಡಿ, ಮಾನಹಾನಿಯ ಪರಿಹಾರದ ದಾವೆಗೆ ಕಾಲಮಿತಿ ಒಂದೇ ವರ್ಷ.