ಮೋಟರ್ ತಿರುಗುತ್ತದೆ, ಟೇಬಲ್ ಕದಲದು: ಸಣ್ಣ ಸಿಎನ್‌ಸಿಯ ಕಪ್ಲಿಂಗ್ ಬದಲಿಸುವುದು ಹೀಗೆ

ಶೆಟ್ಟಿಕೆರೆ, ಹುಳಿಯಾರು, ತಿಪಟೂರು ಸುತ್ತಿನ ನಮ್ಮ ತೆಂಗಿನ ಸೀಮೆಯ ಮರಗೆಲಸದ ಅಂಗಡಿಗಳಿಗೂ ಈಗ ಸಣ್ಣ ಸಿಎನ್‌ಸಿ ಯಂತ್ರ ಬರತೊಡಗಿದೆ. ದೇವರ ಮಂಟಪದ ಪಟ್ಟಿ, ಬಾಗಿಲ ಮೇಲಿನ ಗಜಲಕ್ಷ್ಮಿ, ಅಂಗಡಿಯ ನಾಮಫಲಕ, ತೆಂಗಿನ ಚಿಪ್ಪಿನ ಮೇಲಿನ ಕೆತ್ತನೆ ಎಲ್ಲವೂ ಅದರಲ್ಲೇ. ಕೊಳ್ಳುವಾಗ ಓಡಿಸುವುದನ್ನು ಹೇಳಿಕೊಡುತ್ತಾರೆ, ರಿಪೇರಿ ಹೇಳಿಕೊಡುವುದಿಲ್ಲ. ಕೆತ್ತನೆ ಜಾಗ ತಪ್ಪಿತೆಂದು ಮಾರಿದವರಿಗೆ ಫೋನ್ ಮಾಡಿದರೆ ಬರುವ ಮೊದಲ ಉತ್ತರ ‘ಡ್ರೈವರ್ ಹೋಗಿದೆ’. ಸಾವಿರಾರು ರೂಪಾಯಿ ಕೊಟ್ಟು, ಮೋಟರಿಗೆ ಕರೆಂಟ್ ಕೊಡುವ ಆ ಡ್ರೈವರ್ ತರಿಸಿ ಹಾಕಿದ ಮೇಲೂ ರೋಗ ಹಾಗೇ ಉಳಿದ ಅಂಗಡಿಗಳನ್ನು ನೋಡಿದ್ದೇನೆ. ನಿಜವಾಗಿ ಮುರಿದಿದ್ದು ಮೋಟರ್ ಶಾಫ್ಟನ್ನೂ ಬಾಲ್ ಸ್ಕ್ರೂವನ್ನೂ ಜೋಡಿಸುವ, ಕೆಲವು ನೂರು ರೂಪಾಯಿಯ ಅಲ್ಯೂಮಿನಿಯಮ್ ಕಪ್ಲಿಂಗ್.

ಮೊದಲು ಅದೇ ಹೋಗಿದೆಯೋ ನೋಡಿಕೊಳ್ಳಿ. ಮಾರ್ಕರ್ ಪೆನ್ನಿನಿಂದ ಮೋಟರ್ ಶಾಫ್ಟ್, ಕಪ್ಲಿಂಗ್, ಸ್ಕ್ರೂ ಮೂರರ ಮೇಲೂ ಹಾಯುವಂತೆ ಒಂದೇ ನೇರ ಗೆರೆ ಎಳೆಯಿರಿ. ಸ್ಪಿಂಡಲ್ ಬಂದ್ ಇಟ್ಟು, ಟೇಬಲ್ಲನ್ನು ಹಿಂದೆ ಮುಂದೆ ಓಡಿಸಿ. ಗೆರೆ ತುಂಡಾದರೆ ಕಪ್ಲಿಂಗ್ ಜಾರುತ್ತಿದೆ. ಗೆರೆ ನೇರವಾಗಿಯೇ ಇದ್ದು ವೃತ್ತ ಮೊಟ್ಟೆಯಾಗಿ ಬರುತ್ತಿದ್ದರೆ ಕಪ್ಲಿಂಗ್‌ನ ಸುತ್ತ ಕೊರೆದ ಸುರುಳಿ ಸೀಳಿನ ತುದಿಗಳಲ್ಲಿ ಕೂದಲೆಳೆಯ ಬಿರುಕು ಹುಡುಕಿ, ಟಾರ್ಚ್ ಬೇಕಾಗುತ್ತದೆ. ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸರಿಯುವಂಥದ್ದಾದರೆ ಕೇವಲ 10 ಡಿಗ್ರಿ ಜಾರಿದರೂ ಕೆತ್ತನೆ 0.14 ಮಿ.ಮೀ.ನಷ್ಟು ತಪ್ಪುತ್ತದೆ. ಅಕ್ಷರದ ಅಂಚಿನಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ.

ನಮ್ಮ ಕಡೆ ಕಪ್ಲಿಂಗ್ ಬೇಗ ಮುರಿಯುವುದಕ್ಕೆ ವಿಶೇಷ ಕಾರಣವೂ ಉಂಟು. ತೆಂಗಿನ ಮರದ ಒಳಭಾಗ ಮೆದು, ಹೊರಭಾಗ ಗಟ್ಟಿ. ಮೆದುವಿಗೆ ಹೊಂದಿಸಿದ ವೇಗದಲ್ಲೇ ಕಟರ್ ಗಟ್ಟಿ ಭಾಗಕ್ಕೆ ನುಗ್ಗಿದಾಗ ಬೀಳುವ ಹೊಡೆತವನ್ನು ತಡೆದುಕೊಳ್ಳಬೇಕಾದ್ದು ಈ ಪುಟ್ಟ ಕಪ್ಲಿಂಗೇ.

ಬಿಚ್ಚುವುದು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಿ. ಐದು ನಿಮಿಷ ಬಿಡಿ. ಕರೆಂಟ್ ಇರುವಾಗ ಸ್ಟೆಪ್ಪರ್ ಮೋಟರಿನ ವಯರ್ ಕಿತ್ತರೆ ಆಗ ನಿಜಕ್ಕೂ ಡ್ರೈವರ್ ಹೋಗುತ್ತದೆ. ಮೇಲೆ ಕೆಳಗೆ ಓಡುವ ಜ಼ಡ್ ಕಡೆಯ ಕಪ್ಲಿಂಗ್ ಆದರೆ ಸ್ಪಿಂಡಲ್ ಕೆಳಗೆ ಮೊದಲು ಒಂದು ಮರದ ದಿಮ್ಮಿ ಕೊಡಿ. ಬಾಲ್ ಸ್ಕ್ರೂ ತನ್ನಷ್ಟಕ್ಕೆ ಬಿಗಿ ಹಿಡಿದು ನಿಲ್ಲುವುದಿಲ್ಲ; ಕಪ್ಲಿಂಗ್ ಸಡಿಲವಾದ ಕ್ಷಣವೇ ಸ್ಪಿಂಡಲ್ ಜಾರಿ ಇಳಿಯುತ್ತದೆ, ಕೆಳಗೆ ನಿಮ್ಮ ಕೈ ಇರುತ್ತದೆ.

ಕಪ್ಲಿಂಗ್‌ನ ಎರಡೂ ಕಡೆಯ ಸ್ಕ್ರೂ ಸಡಿಲಿಸಿ, ಮೋಟರಿನ ನಾಲ್ಕು ಬೋಲ್ಟ್ ಬಿಚ್ಚಿ, ಮೋಟರನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಎಲ್ ಕೀ ಹೊಸದಿರಲಿ. ಮೂಲೆ ಸವೆದ ಕೀ ಹಾಕಿದರೆ ಸ್ಕ್ರೂವಿನ ತಲೆಯೂ ಸವೆದು ಅರ್ಧ ದಿನ ಅದಕ್ಕೇ ಹೋಗುತ್ತದೆ. ಸ್ಕ್ರೂಗೆ ಅಂಟು ಹಾಕಿದ್ದರೆ ಸೋಲ್ಡರಿಂಗ್ ಐರನ್‌ನಿಂದ ಬಿಸಿ ಮುಟ್ಟಿಸಿದರೆ ಬಿಡುತ್ತದೆ. ಸುತ್ತಿಗೆ ಬೇಡ. ಶಾಫ್ಟ್ ತುದಿಗೆ ಹೊಡೆದ ಏಟು ಹೋಗಿ ಬೀಳುವುದು ಬೇರಿಂಗ್‌ಗೆ.

ಹಳೆಯ ಸ್ಕ್ರೂ ಕಚ್ಚಿದ ಜಾಗದಲ್ಲಿ ಶಾಫ್ಟ್ ಮೇಲೆ ಸಣ್ಣ ಉಬ್ಬು ಎದ್ದಿರುತ್ತದೆ. ಅದನ್ನು ನುಣುಪು ಅರದಿಂದ ತೆಗೆಯಿರಿ. ಪುಡಿ ಬೇರಿಂಗ್ ಒಳಕ್ಕೆ ಹೋಗದಂತೆ ಕೆಳಗೆ ಒದ್ದೆ ಬಟ್ಟೆ ಹಿಡಿದಿರಬೇಕು.

ಕಾಲಿಂಚಿನ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. ಈ ಯಂತ್ರಗಳ ಮೋಟರ್ ಶಾಫ್ಟ್ ಬಹಳಷ್ಟು ಸಲ 6 ಮಿ.ಮೀ. ಅಲ್ಲ, ಆರೂವರೆಯೂ ಅಲ್ಲ. ಅದು ಕಾಲಿಂಚು, ಅಂದರೆ 6.35 ಮಿ.ಮೀ. ಇನ್ನು ಕೆಲವಕ್ಕೆ 8 ಮಿ.ಮೀ. ಇರುತ್ತದೆ. ಬಾಲ್ ಸ್ಕ್ರೂ ತುದಿ 8 ಅಥವಾ 10. ಟೇಪ್ ಹಿಡಿದು ಅಳೆದರೆ ಇದು ತಿಳಿಯದು, ವರ್ನಿಯರ್ ಬೇಕು. ಎರಡೂ ಶಾಫ್ಟನ್ನು ಎರಡೆರಡು ಕಡೆ ಅಳೆದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುರಿದ ಕಪ್ಲಿಂಗ್‌ನ ತೂತು ಅಳೆದು ತರಿಸಬೇಡಿ. ಹಿಂದೆ ಯಾರೋ ತಪ್ಪು ಸೈಜು ಹಾಕಿದ್ದಕ್ಕೇ ಅದು ಮುರಿದಿರಬಹುದು.

ಅಂಗಡಿಯಲ್ಲಿ 6.35 ಸಿಗದಿದ್ದರೆ ನಮ್ಮವರು ಮಾಡುವುದು ಎರಡು. ಒಂದು, 6 ಮಿ.ಮೀ.ನದು ತಂದು ಆರೂವರೆ ಡ್ರಿಲ್ ಹಾಕುವುದು. ಕೈಡ್ರಿಲ್ಲಿನ ತೂತು ದುಂಡಗೂ ಇರುವುದಿಲ್ಲ, ನಡುವಿಗೂ ಬರುವುದಿಲ್ಲ. ಇನ್ನೊಂದು, 8ರದು ತಂದು ಶಾಫ್ಟಿಗೆ ತಂಪುಪಾನೀಯದ ಡಬ್ಬಿಯ ತಗಡು ಸುತ್ತುವುದು. ಪಂಪ್‌ಸೆಟ್ಟಿನ ಕಪ್ಲಿಂಗ್‌ಗೆ ಸೈಕಲ್ ಟ್ಯೂಬ್ ತುರುಕಿ ಬೇಸಿಗೆ ದಾಟಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ತಗಡು ಒಂದು ಕಡೆ ಒಂದು ಪದರ ಹೆಚ್ಚು ಬಂದರೂ ಶಾಫ್ಟ್ ನಡುವಿನಿಂದ ಆಚೆ ಸರಿಯುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಕಪ್ಲಿಂಗ್ ಒಮ್ಮೆ ಬಾಗಿ ಏಳಬೇಕು. ಲೆಕ್ಕ ಹಾಕಿ: ನಿಮಿಷಕ್ಕೆ 1,000 ಮಿ.ಮೀ. ವೇಗದಲ್ಲಿ, 5 ಮಿ.ಮೀ. ಸ್ಕ್ರೂವಿನಲ್ಲಿ, ನಿಮಿಷಕ್ಕೆ 200 ಸುತ್ತು, ಗಂಟೆಗೆ 12,000 ಸಲ ಬಾಗುವುದು. ಉಕ್ಕಾದರೆ ಸಣ್ಣ ಬಾಗುವಿಕೆಯನ್ನು ಎಷ್ಟು ಕಾಲವಾದರೂ ತಡೆಯಬಲ್ಲದು. ಅಲ್ಯೂಮಿನಿಯಮ್‌ಗೆ ಆ ಗುಣವಿಲ್ಲ, ಬಾಗಿದ್ದೆಲ್ಲ ಅದರಲ್ಲಿ ಜಮೆಯಾಗುತ್ತಾ ಹೋಗುತ್ತದೆ. ಹೊಸ ಕಪ್ಲಿಂಗ್ ಕೂಡ ಕೆಲವೇ ವಾರದಲ್ಲಿ ಅದೇ ಜಾಗದಲ್ಲಿ ಬಿರುಕು ಬಿಟ್ಟಾಗ ‘ಮಾಲು ಕಳಪೆ’ ಎಂದು ಅಂಗಡಿಯವನನ್ನು ಬೈಯುತ್ತೇವೆ.

ಆದ್ದರಿಂದ ಅಳತೆ ಬರೆದೇ ಕೇಳಿ, ಉದಾಹರಣೆಗೆ: ಒಂದು ಕಡೆ 6.35, ಇನ್ನೊಂದು ಕಡೆ 10, ಹೊರವ್ಯಾಸ 25, ಉದ್ದ 30. ತಿಪಟೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಪೀಣ್ಯದಲ್ಲೋ ಹುಡುಕಬೇಕು, ಇಲ್ಲವೇ ಆನ್‌ಲೈನ್. ಅಷ್ಟು ಕಾಯಲು ಆಗದಿದ್ದರೆ ಒಳ್ಳೆಯ ಲೇತ್‌ನವರಲ್ಲಿ 6 ಮಿ.ಮೀ. ಕಪ್ಲಿಂಗ್ ಜೊತೆ ಮೋಟರನ್ನೂ ಒಯ್ದು, ಶಾಫ್ಟಿನ ಅಳತೆಗೆ ಸರಿಯಾಗಿ ಕಪ್ಲಿಂಗ್‌ನ ತೂತು ಬೋರ್ ಮಾಡಿಸಿ. ಎಚ್‌ಎಂಟಿ ವಾಚು ತಯಾರಾಗುತ್ತಿದ್ದ ಜಿಲ್ಲೆ ನಮ್ಮದು, ಅಷ್ಟು ನಯದ ಕೆಲಸ ಬಲ್ಲ ಕೈಗಳು ಸಿಗದೇ ಇರಲಾರವು.

ಯಾವ ಬಗೆಯದು? ಪಕ್ಕದಿಂದ ಚುಚ್ಚಿ ನಿಲ್ಲುವ ಗ್ರಬ್ ಸ್ಕ್ರೂವಿನದಕ್ಕಿಂತ ಸುತ್ತಲೂ ಅಪ್ಪಿ ಹಿಡಿಯುವ ಕ್ಲ್ಯಾಂಪ್ ಬಗೆಯದೇ ಮೇಲು. ಚಿಪ್ಪು, ತೆಂಗಿನ ಹಲಗೆ ಕೆತ್ತುವವರು ಸುರುಳಿ ಸೀಳಿನದನ್ನು ಬಿಟ್ಟು, ನಡುವೆ ಗಟ್ಟಿ ರಬ್ಬರಿನಂಥ ನಕ್ಷತ್ರಾಕಾರದ ತುಂಡು, ಅಂದರೆ ಸ್ಪೈಡರ್, ಇರುವ ಹಲ್ಲಿನ ಕಪ್ಲಿಂಗ್ ಹಾಕಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೊಡೆತ ಬಿದ್ದರೆ ಸ್ಪೈಡರ್ ಸವೆಯುತ್ತದೆ, ಅದೊಂದನ್ನೇ ಬದಲಿಸಬಹುದು. ಆದರೆ ಸ್ಪೈಡರ್ ಹಲ್ಲುಗಳ ನಡುವೆ ಒತ್ತಿ ಕೂರಬೇಕು, ಆಟವಿದ್ದರೆ ಬೇಡ.

ಕೂರಿಸುವುದು

ಶಾಫ್ಟನ್ನೂ ತೂತನ್ನೂ ಎಣ್ಣೆ ಉಳಿಯದಂತೆ ಒರೆಸಿ. ಕಪ್ಲಿಂಗನ್ನು ಬಾಲ್ ಸ್ಕ್ರೂವಿಗೆ ತೂರಿಸಿ, ಮೋಟರ್ ಇಟ್ಟು, ನಾಲ್ಕು ಬೋಲ್ಟನ್ನೂ ಬೆರಳಲ್ಲೇ ಸಡಿಲವಾಗಿ ಹಾಕಿ. ಒಳಗೆ ಎರಡು ಶಾಫ್ಟ್‌ಗಳು ಒಂದಕ್ಕೊಂದು ತಾಗಬಾರದು, ಕನಿಷ್ಠ 1–2 ಮಿ.ಮೀ. ಸಂದು ಬಿಡಿ. ಸುರುಳಿ ಸೀಳಿನದಾದರೆ ಶಾಫ್ಟ್ ಸೀಳಿರುವ ಭಾಗದೊಳಕ್ಕೆ ಹೋಗಬಾರದು, ಹೋದರೆ ಕಪ್ಲಿಂಗ್ ಬಾಗಲಾರದು. ಎರಡೂ ಕ್ಲ್ಯಾಂಪ್ ಬಿಗಿದು ಬಾಲ್ ಸ್ಕ್ರೂವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಸಡಿಲವಿರುವ ಮೋಟರ್ ತನ್ನ ಜಾಗಕ್ಕೆ ತಾನೇ ಬರುತ್ತದೆ. ಆಗ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಕೊನೆಗೆ ಮೋಟರ್ ಕಡೆಯ ಕ್ಲ್ಯಾಂಪನ್ನು ಒಮ್ಮೆ ಸಡಿಲಿಸಿ ಮತ್ತೆ ಬಿಗಿದರೆ ಒಳಗಿನ ಎಳೆತ ಹೋಗುತ್ತದೆ. ಎಲ್ ಕೀಗೆ ಪೈಪ್ ತೂರಿಸಿ ಬಲ ಹಾಕಬೇಡಿ, ಅಲ್ಯೂಮಿನಿಯಮ್ ಥ್ರೆಡ್ ಕಿತ್ತು ಬರುತ್ತದೆ.

ಮತ್ತೆ ಮಾರ್ಕರ್ ಗೆರೆ ಎಳೆಯಿರಿ. ದಿಮ್ಮಿ ಕೊಟ್ಟಿದ್ದರೆ ತೆಗೆಯಿರಿ, ಪ್ಲಗ್ ಹಾಕಿ ಹೋಮ್ ಮಾಡಿ, ಮೊದಲು ಅರ್ಧ ವೇಗದಲ್ಲಿ ಓಡಿಸಿ. 100 ಮಿ.ಮೀ. ಹೋಗೆಂದರೆ ಅಷ್ಟೇ ಹೋಗಿ ಅದೇ ಜಾಗಕ್ಕೆ ವಾಪಸ್ ಬರುತ್ತದೆಯೇ ವರ್ನಿಯರ್‌ನಲ್ಲಿ ನೋಡಿ. ಒಂದು ದಿನ ಕೆಲಸ ಮಾಡಿಸಿದ ಮೇಲೆ ಪ್ಲಗ್ ಕಿತ್ತು ಕ್ಲ್ಯಾಂಪ್ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಯಿರಿ.