ಸಿಂಗಾಪುರಕ್ಕೆ ಹೋದವರ ಮನೆಗಳಲ್ಲಿ

ಜಪಾನಿನ ಸೆರೆಶಿಬಿರ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕ್ವಾಯ್ ನದಿಯ ಸೇತುವೆ, ಚಾಂಗಿ ಜೈಲು, ಎದೆಗೂಡು ಎಣಿಸಬಹುದಾದ ಬಿಳಿಯ ಸೈನಿಕರ ಫೋಟೋಗಳು. ಅದಕ್ಕೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲಕ್ಕೂ ಏನಪ್ಪಾ ನಂಟು ಎಂದು ನನ್ನನ್ನು ಕೇಳಿದವರು ಬಹಳ. ನಂಟು ಇರುವುದು ಮಹಾರಾಜರ ಪಲ್ಟನ್ನಿನ ಮೂಲಕ. ಮೈಸೂರು ಸಂಸ್ಥಾನದ ಒಂದನೇ ಇನ್‌ಫೆಂಟ್ರಿ ಎರಡನೆಯ ಮಹಾಯುದ್ಧದಲ್ಲಿ ಮಲಯಾ ಕಡೆಗೆ ಹೋಗಿತ್ತು. ವಿಮಾನ ನಿಲ್ದಾಣಗಳ ಕಾವಲು ಅದರ ಪಾಲಿನ ಕೆಲಸ. 1942ರ ಫೆಬ್ರವರಿ 15ರಂದು ಬ್ರಿಟಿಷ್ ಜನರಲ್ ಪರ್ಸಿವಲ್ ಸಿಂಗಾಪುರವನ್ನು ಜಪಾನಿನ ಯಮಾಷಿತನಿಗೆ ಒಪ್ಪಿಸಿದಾಗ ಈ ಪಲ್ಟನ್ನೂ ಸೆರೆಯಾಯಿತು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನ ಕೆಲವು ಕಂಪನಿಗಳದ್ದೂ ಅದೇ ಪಾಡು.

ಗೆದ್ದವರನ್ನು ನಾವು ಮರೆತಿಲ್ಲ. 1918ರಲ್ಲಿ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ವರ್ಷಕ್ಕೊಂದು ಲೇಖನ ಬರುತ್ತದೆ, ದೆಹಲಿಯ ತೀನ್ ಮೂರ್ತಿಯಲ್ಲಿ ಪ್ರತಿಮೆಯಿದೆ. ಸೋತು ಸೆರೆಸಿಕ್ಕ ಪಲ್ಟನ್ನಿಗೆ ಯಾರು ಹಾರ ಹಾಕುತ್ತಾರೆ?

ಹಳ್ಳಿಗಳಲ್ಲಿ ವಿಚಾರಿಸಿದರೆ ಮೊದಲು ಸಿಗುವ ಉತ್ತರ ಒಂದೇ: "ನಮ್ ತಾತ ಮಿಲಿಟ್ರೀಲಿದ್ರು." ಯಾವ ಮಿಲಿಟರಿ ಎಂದರೆ "ಜಪಾನ್ ಯುದ್ಧ" ಎನ್ನುತ್ತಾರೆ. ಬರ್ಮಾದಲ್ಲಿ ಜಪಾನಿನವರ ಮೇಲೆ ಹೋರಾಡಿ ಗೆದ್ದು ಬಂದವನೂ ಜಪಾನ್ ಯುದ್ಧದವನೇ, ಸಿಂಗಾಪುರದಲ್ಲಿ ಮೂರೂವರೆ ವರ್ಷ ಗೆಣಸು ತಿಂದು ಬಂದವನೂ ಜಪಾನ್ ಯುದ್ಧದವನೇ. ಈ ಗೊಂದಲ ಬಿಡಿಸಲು ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಯಾವ ಕಡತವೂ ಅಲ್ಲ, ಟ್ರಂಕಿನ ತಳದಲ್ಲಿ ಬಿದ್ದಿರುವ ಆರು ಮೂಲೆಯ ಕಂಚಿನ ನಕ್ಷತ್ರ. ಅದರ ಮೇಲೆ ಬರ್ಮಾ ಸ್ಟಾರ್ ಎಂದಿದ್ದರೆ ಒಂದು ಕತೆ, ಪೆಸಿಫಿಕ್ ಸ್ಟಾರ್ ಎಂದಿದ್ದರೆ ಇನ್ನೊಂದು. ಮಲಯಾ, ಸಿಂಗಾಪುರದಲ್ಲಿ 1941ರ ಡಿಸೆಂಬರ್ 8ರಿಂದ 1942ರ ಫೆಬ್ರವರಿ 15ರವರೆಗೆ ಕಾದಾಡಿದ ಸೈನಿಕರಿಗೆ ಕೊಟ್ಟದ್ದು ಪೆಸಿಫಿಕ್ ಸ್ಟಾರ್. ನಮ್ಮ ಸೀಮೆಯ ಹಳೆಯ ಟ್ರಂಕಿನಲ್ಲಿ ಅದು ಕಂಡರೆ ಆ ಮನುಷ್ಯ ಸೆರೆ ಕಂಡವನೆಂದು ಬಹುಮಟ್ಟಿಗೆ ಹೇಳಬಹುದು. ಆದರೆ ನಾಗಮಂಗಲದಂಥ ಹಿತ್ತಾಳೆ ಕೆಲಸದ ಊರಿನ ಸುತ್ತ ಎಷ್ಟು ನಕ್ಷತ್ರ ಉಳಿದಾವು? ಒಂದು ಮನೆಯ ಸೊಸೆ ನಗುತ್ತಲೇ ಹೇಳಿದರು, ಪದಕಗಳನ್ನೆಲ್ಲ ಪಾತ್ರೆಯವನಿಗೆ ಹಾಕಿ ಚೊಂಬು ತಂದೆವು ಎಂದು. ಆ ಚೊಂಬಿನಲ್ಲೇ ನನಗೆ ನೀರು ಕೊಟ್ಟಿದ್ದರು.

ಕಾಗದಪತ್ರದ ಕಷ್ಟಕ್ಕೆ ಕಾರಣವಿದೆ. ಮೈಸೂರು ಇನ್‌ಫೆಂಟ್ರಿ ಬ್ರಿಟಿಷ್ ಇಂಡಿಯನ್ ಆರ್ಮಿಯ ಪಲ್ಟನ್ ಅಲ್ಲ, ಸಂಸ್ಥಾನದ ಪಡೆ. ಸೇರಿಸಿಕೊಂಡದ್ದು ಮೈಸೂರು ಸರ್ಕಾರ, ಯುದ್ಧಕ್ಕೆ ನಡೆಸಿದ್ದು ಬ್ರಿಟಿಷರು, ಹಿಡಿದಿಟ್ಟದ್ದು ಜಪಾನ್, ಕೊನೆಗೆ ಪಡೆಯನ್ನು ವಹಿಸಿಕೊಂಡದ್ದು ಸ್ವತಂತ್ರ ಭಾರತದ ಸೈನ್ಯ. ಈಗ ಅದು ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್, ರೆಜಿಮೆಂಟಿನ ಕೇಂದ್ರ ಇರುವುದು ಊಟಿ ಪಕ್ಕದ ವೆಲ್ಲಿಂಗ್ಟನ್‌ನಲ್ಲಿ. ಹೀಗೆ ಒಬ್ಬನೇ ಸಿಪಾಯಿಯ ಜಾಡು ಮೈಸೂರಿನ ಪತ್ರಾಗಾರದಲ್ಲಿ ಅಷ್ಟು, ಬೆಂಗಳೂರಿನಲ್ಲಿ ಇಷ್ಟು, ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಮತ್ತಷ್ಟು ಎಂದು ಚದುರಿಹೋಗಿದೆ. ಊರಿನ ಹೆಸರೂ ಸತಾಯಿಸುತ್ತದೆ. ಹಳೆಯ ಇಂಗ್ಲಿಷ್ ಕಡತದಲ್ಲಿ ಪಾಂಡವಪುರ ಹುಡುಕಿದರೆ ಸಿಗದು, ಫ್ರೆಂಚ್ ರಾಕ್ಸ್ ಎಂದು ಹುಡುಕಬೇಕು. ಕೆ.ಆರ್.ಪೇಟೆ ಅತ್ತಿಕುಪ್ಪೆಯೂ ಆಗಿರಬಹುದು.

ಸತ್ತವರನ್ನು ಹುಡುಕುವುದು ಬದುಕಿದವರನ್ನು ಹುಡುಕುವುದಕ್ಕಿಂತ ಸುಲಭ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿಯಲ್ಲಿ ಪಲ್ಟನ್ನಿನ ಹೆಸರು ಹಾಕಿ ನೋಡಬಹುದು. ಸಿಂಗಾಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಗೋಡೆಗಳ ಮೇಲೆ ಸಮಾಧಿಯಿಲ್ಲದ 24,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಅದರ ಹಿಂದೆಯೇ, ದಹನಗೊಂಡ ಸುಮಾರು 800 ಮಂದಿಗೆ ಬೇರೆ ಸ್ಮಾರಕವಿದೆ, ಅವರಲ್ಲಿ ಬಹುಪಾಲು ಭಾರತೀಯ ಪಡೆಗಳವರು. ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದಿರುತ್ತಾನಾದ್ದರಿಂದ ಪಟ್ಟಿಯನ್ನು ಗಟ್ಟಿಯಾಗಿ ಓದಿಕೊಳ್ಳಬೇಕು. ಕಣ್ಣಿಗೆ ಗುರುತು ಸಿಗದ ಲಿಂಗೇಗೌಡ, ನಂಜಪ್ಪ ಕಿವಿಗೆ ಸಿಗುತ್ತಾರೆ.

ಬದುಕಿ ಬಂದವರ ವಿಷಯಕ್ಕೆ ಬಂದರೆ ಎಲ್ಲರೂ ಕೇಳುವ ಪ್ರಶ್ನೆಯೊಂದಿದೆ. ಅದನ್ನು ನಾನು ಈಗ ಮೊದಲಿಗೆ ಕೇಳುವುದಿಲ್ಲ: ಸುಭಾಷ್ ಬೋಸರ ಸೈನ್ಯ ಸೇರಿದ್ದರೋ ಇಲ್ಲವೋ?

1942ರ ಫೆಬ್ರವರಿ 17ರಂದು ಸಿಂಗಾಪುರದ ಫ್ಯಾರರ್ ಪಾರ್ಕಿನಲ್ಲಿ ಭಾರತೀಯ ಸೈನಿಕರನ್ನು ಬ್ರಿಟಿಷರಿಂದ, ಆಸ್ಟ್ರೇಲಿಯನ್ನರಿಂದ ಬೇರ್ಪಡಿಸಿ ಜಪಾನಿನ ಮೇಜರ್ ಫುಜಿವಾರನಿಗೆ ಒಪ್ಪಿಸಲಾಯಿತು. ಮೈದಾನದಲ್ಲಿ 40,000ಕ್ಕೂ ಮೇಲ್ಪಟ್ಟು ಜನ ಇದ್ದರೆನ್ನುತ್ತಾರೆ. ಫುಜಿವಾರ ಅವರನ್ನು ಕ್ಯಾಪ್ಟನ್ ಮೋಹನ್ ಸಿಂಗ್ ಕೈಗೆ ಕೊಟ್ಟ. ಇಂಡಿಯನ್ ನ್ಯಾಷನಲ್ ಆರ್ಮಿಗೆ (ಐಎನ್‌ಎ) ಸೇರಿ ಎಂಬ ಕರೆ ಬಂತು. ಕೆಲವರು ನಂಬಿ ಸೇರಿದರು, ಕೆಲವರು ಹೊಟ್ಟೆಗಾಗಿ ಸೇರಿದರು, ಕೆಲವರು ಮಹಾರಾಜರ ಉಪ್ಪು ತಿಂದ ಬಾಯಿ ಎಂದು ಹಿಂದೆ ಸರಿದರು. ಆ ವರ್ಷದ ಡಿಸೆಂಬರಿನಲ್ಲಿ ಮೋಹನ್ ಸಿಂಗ್‌ಗೂ ಜಪಾನಿಗೂ ಕೆಟ್ಟು, ಆತನನ್ನೇ ಬಂಧಿಸಿದರು. 1943ರ ಜುಲೈನಲ್ಲಿ ಬೋಸರು ಸಿಂಗಾಪುರಕ್ಕೆ ಬಂದ ಮೇಲೆ ಸೈನ್ಯಕ್ಕೆ ಮತ್ತೆ ಜೀವ ಬಂತು. ಒಬ್ಬನೇ ಸಿಪಾಯಿ ಮೊದಲ ಸಲ ಸೇರಿ ಎರಡನೆಯ ಸಲ ಒಲ್ಲೆ ಎಂದಿರಬಹುದು, ತಿರುಗುಮುರುಗೂ ಆಗಿರಬಹುದು. ಕೊಡಗಿನ ಕೊಡಂದೇರ ಮನೆತನವನ್ನೇ ನೋಡಿ. ಸಿಂಗಾಪುರದಲ್ಲಿ ಸೆರೆಸಿಕ್ಕ ಅಣ್ಣ ಐಎನ್‌ಎ ಸೇರಿದರು. 1945ರ ಸೆಪ್ಟೆಂಬರಿನಲ್ಲಿ ಅದೇ ಸಿಂಗಾಪುರದಲ್ಲಿ ಜಪಾನ್ ಶರಣಾದಾಗ ಭಾರತದ ಪರವಾಗಿ ಹಾಜರಿದ್ದವರು ತಮ್ಮ, ಮುಂದೆ ಜನರಲ್ ಆದ ತಿಮ್ಮಯ್ಯ.

ಒಲ್ಲೆ ಎಂದವರ ಗತಿ ಏನಾಯಿತೆಂದು ನಮ್ಮ ಪಠ್ಯಪುಸ್ತಕಗಳು ಹೇಳಲೇ ಇಲ್ಲ. ಅವರಲ್ಲಿ ಎಷ್ಟೋ ಮಂದಿಯನ್ನು ಜಪಾನ್ ಕೂಲಿಯಾಳುಗಳಾಗಿ ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳಿಗೆ ಹಡಗು ಹತ್ತಿಸಿತು. ನ್ಯೂಗಿನಿಯ ವೆವಾಕ್‌ಗೆ ಹೋದ ಸುಮಾರು 3,000 ಭಾರತೀಯರಲ್ಲಿ ಬದುಕುಳಿದವರು ಇನ್ನೂರರಷ್ಟು. ಅವರಲ್ಲೊಬ್ಬರು ಚಿಂತ್ ಸಿಂಗ್. 1945ರಲ್ಲಿ ಆಸ್ಟ್ರೇಲಿಯನ್ನರು ಅವರನ್ನು ಕಂಡು ರಕ್ಷಿಸಿದರು. ಜೊತೆಗೆ ಉಳಿದಿದ್ದ ಹತ್ತು ಮಂದಿ ಊರಿಗೆ ಮರಳುವ ದಾರಿಯಲ್ಲಿ ವಿಮಾನ ಬಿದ್ದು ಸತ್ತರು. ಚಿಂತ್ ಸಿಂಗ್ ಯುದ್ಧಾಪರಾಧದ ವಿಚಾರಣೆಯಲ್ಲಿ ಸಾಕ್ಷಿ ನುಡಿದದ್ದರಿಂದ ಆ ಶಿಬಿರಗಳ ಹಸಿವು, ಹೊಡೆತ, ಕೊಲೆಗಳು ದಾಖಲೆಗೆ ಬಂದವು.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಭಾರತೀಯ ಸೆರೆಯಾಳುಗಳನ್ನು ಐಎನ್‌ಎ ನಂಟಿನ ಬಗ್ಗೆ ವಿಚಾರಿಸಿ ಬಿಳಿ, ಬೂದು, ಕಪ್ಪು ಎಂದು ಮೂರು ಬಣ್ಣ ಹಚ್ಚಿದರು. ಬಿಳಿ ಬಣ್ಣದವರಿಗೆ ಸೆರೆಯ ಅವಧಿಯ ಸಂಬಳ ಬಂತು. ಕಪ್ಪಿನವರಿಗೆ ಕೆಲಸವೂ ಹೋಯಿತು, ಬಾಕಿಯೂ ಹೋಯಿತು. 1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ತಂದಾಗ ಐಎನ್‌ಎಯವರೂ ಅದರೊಳಗೆ ಬಂದರು. ಆಗ ಊರಿನ ನೆನಪು ಪಲ್ಟಿ ಹೊಡೆಯಿತು. 1946ರಲ್ಲಿ ಬಾಯಿ ಬಿಡಲು ಹೆದರಿದವರ ಮನೆ ಬೋಸರ ಮನೆಯಾಯಿತು. ಸೇರದೆ ಹೊಡೆತ ತಿಂದು ಬಂದವನ ಮನೆಯವರು ಬಾಯಿ ಮುಚ್ಚಿದರು, ಬ್ರಿಟಿಷರ ಬಂಟ ಎನ್ನಿಸಿಕೊಳ್ಳುವುದು ಯಾರಿಗೆ ಬೇಕು? ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು ಒಬ್ಬನೇ ತಾತನ ಬಗ್ಗೆ ಎರಡು ಕತೆ ಹೇಳಿ ನನ್ನೆದುರೇ ಜಗಳವಾಡಿದರು. ಅವರ ಅತ್ತೆ, ಅಂದರೆ ತಾತನ ಮಗಳು, ಒಳಗಿನಿಂದ ಬಂದು, "ಎಲ್ಲಿದ್ರೇನು, ಅಲ್ಲಿ ರಾಗಿ ಇರ್ಲಿಲ್ವಂತೆ" ಎಂದರು.

ಆ ಮಾತಿನಿಂದ ನನ್ನ ಕೇಳುವ ರೀತಿಯೇ ಬದಲಾಯಿತು. ಯಾವ ಕಡೆ ಎಂದು ಕೇಳಿದರೆ ಗಂಡಸರು ಉತ್ತರ ಕೊಡುತ್ತಾರೆ, ಕೊಟ್ಟ ಉತ್ತರಕ್ಕೆ ಪಿಂಚಣಿಯ ವಾಸನೆಯೋ ಪಕ್ಷದ ವಾಸನೆಯೋ ಅಂಟಿರುತ್ತದೆ. ಏನು ತಿಂದರು, ಕಾಲು ಊದಿಕೊಂಡಿತ್ತೇ, ಬಂದ ಮೇಲೆ ಏನನ್ನು ಮುಟ್ಟುತ್ತಿರಲಿಲ್ಲ, ಮನಿಯಾರ್ಡರ್ ಎಂದು ನಿಂತಿತು, ಮತ್ತೆ ಎಂದು ಬಂತು ಎಂದರೆ ಹೆಂಗಸರು ಮಾತಾಡುತ್ತಾರೆ. ಮರಗೆಣಸಿನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರಂತೆ ಒಬ್ಬರು. ಕಾಲಿನ ಊತ ಬೆರಿಬೆರಿಯ ಗುರುತು, ಪಾಲಿಶ್ ಅಕ್ಕಿಯೊಂದನ್ನೇ ತಿಂದವರನ್ನು ಹಿಡಿಯುವ ರೋಗ. ಹೊಟ್ಟಿನ ಸಮೇತ ರಾಗಿ ಮುದ್ದೆ ತಿಂದು ಬೆಳೆದವರಿಗೆ ಅದು ಊರಲ್ಲಿ ಗೊತ್ತೇ ಇರಲಿಲ್ಲ.

ಹಣದ ಪ್ರಶ್ನೆಯಂತೂ ತುಂಬ ದೂರ ಕರೆದೊಯ್ಯುತ್ತದೆ. ನನಗೆ ಸಿಕ್ಕ ಮನೆಗಳಲ್ಲಿ ಹೆಚ್ಚಿನವು ಇರ್ವಿನ್ ನಾಲೆಯ ನೀರು ಮುಟ್ಟದ ಬೆದ್ದಲು ಸೀಮೆಯವು. ಅಲ್ಲಿ ಪಲ್ಟನ್ನಿನ ಸಂಬಳವೆಂದರೆ ಎರಡನೆಯ ಬೆಳೆ. ಗಂಡ ಸತ್ತನೋ ಇದ್ದಾನೋ ತಿಳಿಯದ ಆ ವರ್ಷಗಳಲ್ಲಿ ಹೆಂಡತಿಯ ಕುಂಕುಮದ ತೀರ್ಮಾನ ಮಾಡುತ್ತಿದ್ದವರು ಮಾವ, ಮೈದುನ. ತಿಥಿ ಮಾಡಿದರೆ ಜಮೀನಿನ ಪಾಲು ಒಂದು ತರ, ಮಾಡದಿದ್ದರೆ ಇನ್ನೊಂದು ತರ. ನಾಗಮಂಗಲದ ಕಡೆ ಒಬ್ಬಾಕೆ ತಿಥಿಗೆ ಒಪ್ಪದೆ ತವರಿಗೆ ಹೋಗಿ ಕೂತರಂತೆ. ಗಂಡ 1946ರಲ್ಲಿ ಬಂದ. ಪಾಲು ಮಾತ್ರ ಅಷ್ಟರಲ್ಲಿ ಆಗಿಹೋಗಿತ್ತು. ವ್ಯಾಜ್ಯದ ಕಾಗದ ಇಂದಿಗೂ ಮನೆಯಲ್ಲಿದೆ. ಸೆರೆಯಿಂದ ಬಂದ ತಾರೀಕಿಗೆ ನನಗೆ ಸಿಕ್ಕ ಅತಿ ನಂಬಿಕೆಯ ದಾಖಲೆ ಆ ಜಮೀನು ವ್ಯಾಜ್ಯದ ಅರ್ಜಿ. ಅಂದಿನಿಂದ ಪದಕ ಇಲ್ಲ ಎಂದವರ ಮನೆಯಲ್ಲಿ ಪಹಣಿ, ಪಾಲುಪತ್ರ ಕೇಳುತ್ತೇನೆ.

ಶ್ರೀರಂಗಪಟ್ಟಣಕ್ಕೆ ಹೋದಾಗಲೆಲ್ಲ ಪ್ರವಾಸಿಗಳು ಕರ್ನಲ್ ಬೈಲಿಯ ಸೆರೆಮನೆ ಇಳಿಯುವುದನ್ನು ನೋಡುತ್ತೇನೆ. 1780ರಲ್ಲಿ ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದು 1782ರಲ್ಲಿ ಸೆರೆಯಲ್ಲೇ ಸತ್ತವನ ಹೆಸರಿನಲ್ಲಿ ಬೋರ್ಡು ಇದೆ. ಅವನ ಜೊತೆ ಸೆರೆಸಿಕ್ಕು ಬದುಕಿದ ಡೇವಿಡ್ ಬೇರ್ಡ್ 1799ರಲ್ಲಿ ಕೋಟೆಗೆ ಲಗ್ಗೆ ಹಾಕಿದ. ಬಿಡುಗಡೆಯಾದ ಬಿಳಿಯರು ಪುಸ್ತಕ ಬರೆದರು, ಹಾಗಾಗಿ ಅವರ ಕಷ್ಟ ಗೊತ್ತು. ಅವರೊಂದಿಗೆ ಹಿಡಿಸಿಕೊಂಡ ದೇಶೀ ಸಿಪಾಯಿಗಳು ಬರೆಯಲಿಲ್ಲ. ಸಿಂಗಾಪುರದ ಕತೆಯಲ್ಲೂ ಇದೇ ನಡೆದಿದೆ. ಇದರಲ್ಲಿ ಬೈಲಿಯ ತಪ್ಪೇನಿಲ್ಲ, ಆದರೂ ಆ ಬೋರ್ಡು ಓದುವಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಮೊನ್ನೆ ಒಬ್ಬರು ತಮ್ಮ ತಾತ ಬೋಸರ ಸೈನ್ಯದಲ್ಲಿದ್ದರೆಂದು ಬರೆದುಕೊಡಿ ಎಂದು ಕೇಳಿದರು. ಮನೆಯವರು ಹೇಳುವುದು ಒಂದು ಕಡೆ, ಕಾಗದ ಹೇಳುವುದು ಇನ್ನೊಂದು ಕಡೆ, ಎರಡನ್ನೂ ಬರೆದು ಕೊಟ್ಟೆ. ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ಹಾಗಿದ್ದೂ ಹೊರಡುವಾಗ ಬಿಂಡಿಗನವಿಲೆ ಹೋಬಳಿಯಲ್ಲಿ ಇನ್ನೊಂದು ಮನೆ ಇದೆಯೆಂದೂ, ಅಲ್ಲಿನ ಮುದುಕಿಗೆ ತೊಂಬತ್ತು ದಾಟಿದೆಯೆಂದೂ, ಮಳೆಗೆ ಮುಂಚೆ ಹೋಗಿಬಿಡಿ ಎಂದೂ ಹೇಳಿ ಹೋದರು.