ಗೊಬ್ಬರದ ಗೂಟ: ಬೇರಿಗೆ ಕಟ್ಟಿದ ಬುತ್ತಿ

ಕ್ರಿ.ಶ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ವೃಕ್ಷಾಯುರ್ವೇದಕ್ಕೂ ಎಡೆಗೊಟ್ಟ ಕನ್ನಡ ಗ್ರಂಥ. ಗಿಡಮರಗಳಿಗೆ ಆಹಾರವೂ ಆರೈಕೆಯೂ ಬೇಕೆಂಬ ಅರಿವು ಕನ್ನಡ ನಾಡಿಗೆ ಹೊಸದಲ್ಲ. ಆದರೆ ಗೊಬ್ಬರವನ್ನು ಎಷ್ಟು ಕೊಡಬೇಕೆಂಬುದರಷ್ಟೇ, ಎಲ್ಲಿ ಮತ್ತು ಯಾವಾಗ ಕೊಡಬೇಕೆಂಬುದೂ ವಿಚಾರಾರ್ಹ.

ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ, ಅದರ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಖಾನಾಪುರದ ಕಡೆಗೆ ಸರಿದಂತೆ ಮಳೆ ಇನ್ನೂ ಅಧಿಕ. ಟಿಳಕವಾಡಿಯ ಹಿತ್ತಿಲೊಂದರಲ್ಲಿ ಮಾವಿನ ಬುಡಕ್ಕೆ ಚೆಲ್ಲಿದ ಗೊಬ್ಬರದ ಸಾರವು ಜಡಿಮಳೆಗೆ ಕೊಚ್ಚಿ ಗಟಾರವನ್ನು ಸೇರಿದರೆ, ಹಣವೂ ಶ್ರಮವೂ ವ್ಯರ್ಥ. ಅಳಿದುಳಿದುದೂ ಮರಕ್ಕೆ ಪೂರ್ಣವಾಗಿ ದಕ್ಕದು. ಕಾಂಡದ ಬಳಿಯ ದಪ್ಪ ಬೇರುಗಳು ಮರವನ್ನು ಹಿಡಿದು ನಿಲ್ಲಿಸುವಂಥವು. ಸಾರವನ್ನು ಹೀರುವ ಎಳೆಬೇರುಗಳು ಹೆಚ್ಚಾಗಿ ಕೊಂಬೆಗಳ ಅಂಚಿನತ್ತ ಹಬ್ಬಿರುತ್ತವೆ. ಅಲ್ಲಿಗೇ ಆಹಾರವನ್ನು ಮುಟ್ಟಿಸುವ ಸುಲಭ ಸಾಧನವೇ ಗೊಬ್ಬರದ ಗೂಟ.

ಇದನ್ನು ಮಾಡುವ ವಿಧಾನ ಸರಳ. ಚೆನ್ನಾಗಿ ಕಳಿತು ಜರಡಿ ಹಿಡಿದ ಸಗಣಿಗೊಬ್ಬರ ನಾಲ್ಕು ಪಾಲು, ಬೇವಿನ ಹಿಂಡಿಯ ಪುಡಿ ಎರಡು ಪಾಲು, ಜೇಡಿಮಣ್ಣು ಒಂದು ಪಾಲು, ಒಲೆಯ ಬೂದಿ ಒಂದು ಹಿಡಿ. ಇವನ್ನು ಬೆಲ್ಲದ ನೀರಿನಲ್ಲಿ ರೊಟ್ಟಿಯ ಹಿಟ್ಟಿನಂತೆ ಗಟ್ಟಿಯಾಗಿ ನಾದಿ, ಹೆಬ್ಬೆರಳ ದಪ್ಪ, ಅರ್ಧ ಗೇಣು ಉದ್ದದ ಗೂಟಗಳನ್ನಾಗಿ ಹೊಸೆದು ನೆರಳಿನಲ್ಲಿ ಒಣಗಿಸಬೇಕು. ಒಂದನ್ನು ನೀರಿನ ಬಟ್ಟಲಲ್ಲಿಟ್ಟು ಪರೀಕ್ಷಿಸುವುದು ಲೇಸು. ಮರುದಿನವೂ ಅದು ಕರಗದೆ ಕಲ್ಲಿನಂತೆ ಉಳಿದರೆ ಜೇಡಿಮಣ್ಣು ಹೆಚ್ಚಾಯಿತೆಂದು ತಿಳಿಯಬೇಕು.

ಮಳೆಯ ಅಬ್ಬರ ತಗ್ಗಿ, ನೆಲದಲ್ಲಿ ಹಸಿ ಉಳಿದಿರುವಾಗಲೇ ಇವನ್ನು ಹೂಳಬೇಕು. ಕೊಂಬೆಗಳ ಹರವು 10 ಅಡಿಯಿದ್ದರೆ ಅದರ ಸುತ್ತಳತೆ ಸುಮಾರು 31 ಅಡಿ; 3 ಅಡಿಗೊಂದರಂತೆ ಹತ್ತು ಗೂಟಗಳು ಸಾಕು. ಹಾರೆಯಿಂದ ಗೇಣುದ್ದದ ಕುಳಿ ತೆಗೆದು, ಗೂಟವನ್ನಿಳಿಸಿ, ಮಣ್ಣು ಮುಚ್ಚಿ ನೀರುಣಿಸಬೇಕು. ಗೂಟವನ್ನು ಸುತ್ತಿಗೆಯಿಂದ ಬಡಿದರೆ ಅದು ಮುರಿಯುವುದು.

ಈ ಉಪಾಯಕ್ಕೂ ಮಿತಿಯುಂಟು. ಗೂಟವು ತನ್ನ ಸುತ್ತಲಿನ ಬೇರುಗಳನ್ನಷ್ಟೇ ಪೋಷಿಸುತ್ತದೆ. ಆದ್ದರಿಂದ ಮರುವರ್ಷ ಹಿಂದಿನ ಕುಳಿಗಳ ನಡುವಣ ಜಾಗವನ್ನು ಆರಿಸಬೇಕು. ಬೇಗ ಫಲ ದೊರೆಯಲೆಂದು ಯೂರಿಯಾ ತುಂಬಿದರೆ, ಒಂದೆಡೆ ಸಾಂದ್ರವಾದ ಉಪ್ಪಿನಿಂದ ಎಳೆಬೇರು ಸುಟ್ಟೀತು. ಕುಂಡದ ಗಿಡಕ್ಕೆ ಗೂಟದ ತುಣುಕೊಂದೇ ಸಾಕು.

ಹಸಿದವನ ಅಂಗಳಕ್ಕೆ ಅನ್ನ ಚೆಲ್ಲುವುದು ದಾಸೋಹವಲ್ಲ, ಅವನ ಎಲೆಗೆ ಬಡಿಸುವುದು ದಾಸೋಹ. ಮರದ ಎಲೆಯೆಲ್ಲಿದೆಯೆಂದು ಅರಿತು ಬಡಿಸುವುದೇ ತೋಟಗಾರನ ವಿದ್ಯೆ.